ಖಾರ ತಿನ್ನುವ ಮೊದಲು ಸೈಟ್ ತೆರೆಯಿರಿ

ಸವಣೂರಿನ ಹೆಸರಾಂತ ಕುರುಕಲು ತಿಂಡಿ ‘ಖಾರ’ ಮಾರುವ ಖಾಸಿಂಸಾಬರ ಅಂಗಡಿಗೆ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಮದುವೆ ಸೀಸನ್ನಿನೊಳಗೆ ಪರವೂರಿನ ಗಿರಾಕಿ ಬರದಿದ್ದರೆ ಸೈಟ್ ಬಂದ್ ಎಂದಿದ್ದರು. ಸೈಟಿನಿಂದ ಗಿರಾಕಿ ಬಂದೇ ಬರುತ್ತಾನೆ ಎಂದು ನಾನು ಮಾತು ಕೊಟ್ಟಿದ್ದೆ.

ಒಂದು ದಿನ ನೋಡಿದರೆ ಸೈಟಿಗೆ ಜನವೋ ಜನ. ಎಲ್ಲರೂ ಸವಣೂರಿನವರೇ, ಬಂದಷ್ಟೇ ಬೇಗ ಹೋಗುವವರು. ಅನುಮಾನ ಬಂದು ಅಂಗಡಿಗೆ ಹೋದೆ.

ಕೊಳ್ಳುವ ಮುಂಚೆ ಒಂದು ಹಿಡಿ ಖಾರ ತಿಂದು ನೋಡುವುದು ಇಲ್ಲಿ ಗಿರಾಕಿಯ ಹಕ್ಕು. ಒಬ್ಬ ಕೈಚಾಚಿದ. ಖಾಸಿಂಸಾಬರು ಡಬ್ಬಿಯ ಮುಚ್ಚಳ ಒತ್ತಿ ಹಿಡಿದರು.

“ಮೊದಲು ಮೊಬೈಲಿನ್ಯಾಗ ನಮ್ಮ ಸೈಟ್ ತಗೀರಿ. ಆಮ್ಯಾಲೆ ಖಾರ.”

ಅವನು ಸೈಟ್ ತೆರೆದ, ಖಾರ ತಿಂದ, ಏನೂ ಕೊಳ್ಳದೆ ಸೈಟನ್ನೂ ಅಂಗಡಿಯನ್ನೂ ಬಿಟ್ಟು ಹೋದ.

“ಚಾಚಾ, ಈ ಗದ್ದಲದಿಂದ ಸರ್ಚ್ ಮಾಡೋ ಪರವೂರವರಿಗೆ ನಮ್ಮ ಸೈಟ್ ಮೊದಲು ಕಾಣೂದಿಲ್ರಿ. ಇವರೆಲ್ಲಾ ಪುಗಸಟ್ಟೆ ತಿನ್ನೋ ಮಂದಿ.”

“ಅಂಗಡಿಗೂ ಇವರ ಬರ್ತಾರ. ನಾ ಏನ್ ಬಾಗಲಾ ಹಾಕೇನೇನು?”

ಅಂತೂ ಹಿಡಿ ಖಾರದ ಷರತ್ತು ನಿಲ್ಲಿಸಿದರು. ಸೈಟ್ ಬಿಕೋ ಎಂದಿತು. ಉಳಿದದ್ದು ಒಬ್ಬನೇ. ದಿನಾ ಬಂದು ಪ್ರತಿ ಪುಟ, ಪ್ರತಿ ಫೋಟೋ ನಿಧಾನವಾಗಿ ನೋಡುತ್ತಿದ್ದ.

“ನೋಡ್ರಿ, ಇವಾ ಖರೇ ಗಿರಾಕಿ!” ಎಂದು ಖಾಸಿಂಸಾಬರು ಹಿಗ್ಗಿದರು.

ಹೊರಗೆ ಬಂದರೆ ಎದುರಿನ ಖಾರದ ಅಂಗಡಿಯವನು ಕೈಮಾಡಿ ಕರೆದ. ಅವನ ಮೊಬೈಲಿನಲ್ಲಿ ನಮ್ಮದೇ ಸೈಟ್.

“ದಿನಾ ನೋಡಾಕತ್ತೇನ್ರಿ ಸರ್. ನನಗೂ ಇಂಥಾದ್ದೊಂದು ಮಾಡಿಕೊಡ್ರಿ. ಚಾಚಾಗ ಹೇಳಬ್ಯಾಡ್ರಿ.”

ಮಾತು ಉಳಿಯಿತು. ಸೈಟಿನಿಂದ ಗಿರಾಕಿ ಬಂದ. ಯಾರಿಗೆ ಬರುತ್ತಾನೆ ಎಂದು ನಾನು ಹೇಳಿರಲಿಲ್ಲ.