ಯಾಕ ಅಂತ ಕೇಳಲಿಲ್ಲ

ನಾದಿನಿಯ ಕೇಸು ನಾನು ಗೆಲ್ಲಲಿಲ್ಲ, ಮೇಸ್ತ್ರಿ ಸೋತ. ಮೊಮ್ಮಕ್ಕಳು ನನ್ನನ್ನು ವಕೀಲಿ ಅಂತ ಕರೆದು ಕುಣಿಯುತ್ತವೆ, ಕುಣಿಯಲಿ. ನಾನು ಎರಡು ಇಯತ್ತೆ ಕಲಿತವಳು.

ಆಗ ಬ್ರಿಟಿಷರ ಕಾಲ. ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ನಾನೂ ನಾದಿನಿಯೂ ಭಟ್ಟಿಯಿಂದ ಹಂಚು ಹೊರುತ್ತಿದ್ದೆವು. ಒಂದು ದಿನ ಹಂಚು ಒಯ್ಯುವ ರೈಲು ಡಬ್ಬಿ ಬಂದು ನಿಂತಿದೆ ಅಂತ ಮೇಸ್ತ್ರಿ ಭಟ್ಟಿ ಆರುವ ಮೊದಲೇ ಬಿಚ್ಚಿಸಿದ. ನಾದಿನಿಯ ತಲೆ ಸುಟ್ಟಿತು, ಹೊರೆ ಕೈಬಿಟ್ಟಳು. ಸಿಟ್ಟಿಗೆ ಹಂಚು ಒಗೆದು ಒಡೆದಳು ಅಂತ ಬರೆಸಿ ಮೇಸ್ತ್ರಿ ಅವಳನ್ನು ಕೆಲಸದಿಂದ ತೆಗೆದ. ಅವಳು ಗಂಡ ಸತ್ತವಳು. ದುಡಿಯದ ಬಾಯಿಗೆ ನಮ್ಮ ಮನೆಯಲ್ಲಿ ಜಾಗವಿರಲಿಲ್ಲ, ಹೇಳೋದಕ್ಕೆ ನನಗೇನೂ ನಾಚಿಕೆಯಿಲ್ಲ. ಕೆಲಸ ಹೋದರೆ ಸಾಂಬ್ರಾದ ಅತ್ತೆಮನೆಗೆ ತಿರುಗಿ ಹೋಗಬೇಕು. ಅಲ್ಲಿ ರೊಟ್ಟಿ ಎಣಿಸಿ ಹಾಕುತ್ತಿದ್ದರು, ಬೈಗುಳಕ್ಕೆ ಎಣಿಕೆ ಇರಲಿಲ್ಲ.

ಹೆಂಗಸರೆಲ್ಲ ಕೆಲಸ ಬಿಟ್ಟು ಕೂತೆವು. ಮೂರನೇ ದಿನ ಕಾರ್ಖಾನೆಯ ಮಾಲೀಕ ಬಂದು, ಬೆಳಗಾವಿಯ ಸರಕಾರಿ ಕಚೇರಿಯ ಸಾಹೇಬರು ಎರಡೂ ಕಡೆ ಕೇಳಿ ಹೇಳಿದಂತೆ ಆಗಲಿ ಅಂದ. ನಮ್ಮ ಕಡೆಯಿಂದ ಮಾತಾಡೋರು ಯಾರು? ಎಲ್ಲರೂ ನನ್ನನ್ನೇ ನೋಡಿದರು. ಬಾವಿಕಟ್ಟೆಯ ಜಗಳದಲ್ಲಿ ನಾನು ಸೋತದ್ದಿಲ್ಲ.

ವಕೀಲರ ಹತ್ತಿರ ಕಾರಕೂನಿಕೆ ಮಾಡಿ ಮುದುಕರಾದವರೊಬ್ಬರು ನಮ್ಮ ಓಣಿಯಲ್ಲಿದ್ದರು. ಕಚೇರಿಯಲ್ಲಿ ಹೇಗೆ ಮಾತಾಡುತ್ತೇನೆ ಅಂತ ಅವರ ಮುಂದೆ ನಿಂತು, ಕೈ ಬೀಸಿ, ಎಲ್ಲಮ್ಮನ ಆಣೆ ಮಾಡಿ, ಅತ್ತು ತೋರಿಸಿದೆ.

"ಮುಗೀತೇನವಾ?"

"ಹೂನ್ರಿ ಅಜ್ಜಾರ."

"ಚಲೋ ಅತ್ತಿ. ಕೇಸು ಹೋತು. ಈಗ ನಾನಽ ಮೇಸ್ತ್ರಿ ಅಂತ ತಿಳಿ. ಕೇಳು ನನ್ನ."

"ಸುಡೂ ಹಂಚು ಯಾಕ ಹೊರಿಸಿದಿ?"

"ಎಲ್ಲಿ ಸುಡತಿದ್ದುವು? ಆಕೀಗ ಮೊದಲಿಂದ ಸೊಕ್ಕು," ಅಂತ ಶುರು ಮಾಡಿ ಅಜ್ಜ ಎಂಥ ಕತೆ ಕಟ್ಟಿದರೆಂದರೆ, ನನಗೇ ನಾದಿನಿಯ ಮೇಲೆ ಸಿಟ್ಟು ಬಂತು.

"ನೋಡಿದೇನು? ಯಾಕ ಅಂದಿ ಅಂದ್ರ ಅವಗ ಬಯಲು ಬಿಟ್ಟುಕೊಟ್ಟಂಗ. ಸಣ್ಣ ಸಣ್ಣ ಮಾತು ಕೇಳು. ಬೇಕಾದ್ದು ಬಂತೋ, ಬಾಯಿ ಮುಚ್ಚು."

"ಅದಽ ಬರೂದಿಲ್ರಿ ನನಗ."

"ಅದು ಇಡೀ ಓಣಿಗೆ ಗೊತ್ತೈತಿ."

ಎಂಟು ದಿನ ಕಲಿಸಿದರು. ನಾನು "ಯಾಕ" ಅಂದಾಗೊಮ್ಮೆ ಕೋಲಿನಿಂದ ನೆಲ ಕುಟ್ಟಿ "ಕೇಸು ಹೋತು" ಅನ್ನುತ್ತಿದ್ದರು. ಎಷ್ಟು ಕೇಸು ಕಳೆದೆನೋ ಲೆಕ್ಕವಿಲ್ಲ.

ಬೆಳಗಾವಿ ಕಚೇರಿಗೆ ಮೇಸ್ತ್ರಿ ತಲೆಗೆ ಪಟಗಾ ಸುತ್ತಿ ಮದುಮಗನ ಹಾಗೆ ಬಂದಿದ್ದ. ಸಾಹೇಬರು ಕೈ ಮಾಡಿದ ಕೂಡಲೆ ನಾನು ಎದ್ದು ಅವನನ್ನು ಕೇಳಿದೆ.

"ಅವತ್ತು ಹಂಚು ಆರಿದ್ದುವೇನ್ರಿ?"

"ಬಾವಿ ನೀರಿನಂಗ ತಣ್ಣಗಿದ್ದುವು."

"ಹೆಂಗಸರ ತಲಿ ಮ್ಯಾಲ ಅರಿವಿ ಸಿಂಬಿ ಇತ್ತೇನ್ರಿ?"

"ಇತ್ತು."

"ಒಣಾದೋ, ಹಸೀದೋ?"

"ಹಸೀದು. ನೀರಾಗ ಅದ್ದಿದ್ದು."

"ಅದ್ದಿಕೋರಿ ಅಂತ ಹೇಳಿದವರು ಯಾರ್ರಿ?"

ಮೇಸ್ತ್ರಿ ಎದೆ ಉಬ್ಬಿಸಿದ. "ಮತ್ಯಾರು, ನಾನಽ. ನಾ ಹೇಳದ ಅಲ್ಲಿ ಹುಲ್ಲಕಡ್ಡಿ ಅಳ್ಳಾಡೂದಿಲ್ಲ."

ಯಾಕ ಅನ್ನೋದು ನನ್ನ ನಾಲಿಗೆ ತುದಿಗೆ ಬಂದಿತ್ತು. ಹಲ್ಲು ಕಚ್ಚಿ ನಿಂತೆ. ಬರೆಯುತ್ತಿದ್ದ ಸಾಹೇಬರು ಟಾಕು ಕೆಳಗಿಟ್ಟು ತಲೆ ಎತ್ತಿದರು.

"ತಣ್ಣನ ಹಂಚು ಹೊರಾಕ ಸಿಂಬಿ ಯಾಕ ತೋಯಿಸಬೇಕೋ?"

ಮೇಸ್ತ್ರಿ ಮಾಲೀಕನ ಮುಖ ನೋಡಿದ. ಮಾಲೀಕ ಕಿಟಕಿ ನೋಡಿದ. ಆಮೇಲೆ ನಾನು ಆಡಬೇಕಾದ್ದು ಏನೂ ಉಳಿಯಲಿಲ್ಲ. ಅವಳನ್ನು ನಾಳೆಯಿಂದಲೇ ಕೆಲಸಕ್ಕೆ ತಗೋಬೇಕು, ಭಟ್ಟಿ ಆರದೆ ಹಂಚು ಹೊರಿಸಕೂಡದು ಅಂತ ಸಾಹೇಬರು ಬರೆಸಿದರು.

ಹೊರಗೆ ಬಂದು ನಾದಿನಿ, "ವೈನೀ, ನೀ ನಾಕಽ ಮಾತು ಆಡಿದಿ, ಮೈಯಾಗ ಆರಾಮ ಇಲ್ಲೇನು?" ಅಂದಳು. ತಡೆದಿಟ್ಟದ್ದನ್ನೆಲ್ಲ ರೈಲಿನಲ್ಲಿ ಆಡಿದೆ. ಬೆಳಗಾವಿಯಿಂದ ಖಾನಾಪುರದವರೆಗೆ ಡಬ್ಬಿಯಲ್ಲಿ ಮತ್ತೊಬ್ಬರಿಗೆ ಬಾಯಿ ತೆಗೆಯಲು ಬಿಡಲಿಲ್ಲ. ಗುರುತಿಲ್ಲದ ಹೆಂಗಸರೂ ನಕ್ಕು ನಕ್ಕು ಸೆರಗು ಬಾಯಿಗೆ ಹಿಡಿದರು.

ಮರುದಿನ ಮುಂಜಾನೆ ನಾದಿನಿಯನ್ನು ಮುಂದೆ ಬಿಟ್ಟುಕೊಂಡು ಕಾರ್ಖಾನೆಗೆ ಹೋದೆ. ಹೊಸ ಭಟ್ಟಿ ಬಿಚ್ಚಿದ್ದರು. ಹಂಚಿನ ಮೇಲೆ ಅಂಗೈ ಇಟ್ಟು ನೋಡಿದೆ, ಚುರ್ ಅಂದಿತು. ಹೆಂಗಸರನ್ನೆಲ್ಲ ನೆರಳಿಗೆ ಕರೆದು, ಮೇಸ್ತ್ರಿ ನೋಡುತ್ತಿರುವಾಗಲೇ ಬುತ್ತಿ ಬಿಚ್ಚಿದೆ.