ಮುದ್ದಕ್ಕ ಗೆರೆ ಎಳೆದ ಮೇಲೇ ಕುರ್ಚಿ

ಬೆಳಗಿನ ಆರೂವರೆ. ಹೊಳಲ್ಕೆರೆಯಲ್ಲಿ ಇನ್ನೂ ಬಣ್ಣ ಕಾಣದ ಹೊಸ ಮನೆಯೊಂದರ ಮಹಡಿಯಲ್ಲಿ ಮುದ್ದಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಂಡಿಯೂರಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದಾರೆ. ಮನೆಮಂದಿ ಕೂತು ಸಿನಿಮಾ ನೋಡಲೆಂದೇ ಕಟ್ಟಿಸಿದ, ಹನ್ನೆರಡು ಅಡಿ ಅಗಲ, ಹದಿನೆಂಟು ಅಡಿ ಉದ್ದದ ಕೋಣೆ. ಪರದೆ ಬರುವ ಗೋಡೆಯಿಂದ ಒಂಬತ್ತು ಅಡಿಗೆ ಒಂದು ಗೆರೆ, ಹದಿನೈದಕ್ಕೆ ಇನ್ನೊಂದು.

"ಇದು ಮುಂದಿನ ಸಾಲಿನೋರ ಕಣ್ಣು, ಅದು ಹಿಂದಿನೋರ ಕಣ್ಣು. ಕುರ್ಚಿ ಅಳತೆ ಆಮೇಲೆ," ಎನ್ನುತ್ತಾರೆ.

ಎಂಟಕ್ಕೆ ಗಾರೆಯವರು ಬಂದು ಹಿಂದಿನ ಸಾಲಿಗೆ ಒಂದಡಿ ಎತ್ತರದ ಕಟ್ಟೆ ಹಾಕುತ್ತಾರೆ. ಕಾಂಕ್ರೀಟು ಬಿದ್ದ ಮೇಲೆ ಯಾರ ಮಾತೂ ನಡೆಯುವುದಿಲ್ಲ. ಅದಕ್ಕೇ ಮುದ್ದಕ್ಕ ನಸುಕಿನಲ್ಲೇ ತಮ್ಮೂರು ಮದಕರಿಪುರ ಬಿಟ್ಟು ಬಂದಿದ್ದಾರೆ.

ಐವತ್ತಾರರ ಮುದ್ದಕ್ಕ ಓದಿದ್ದು ನಾಲ್ಕನೇ ತರಗತಿ. ಚಿತ್ರದುರ್ಗದಲ್ಲಿ ಈಗ ಮುಚ್ಚಿಹೋಗಿರುವ ಚಿತ್ರಮಂದಿರವೊಂದರಲ್ಲಿ ಇಪ್ಪತ್ತೆರಡು ವರ್ಷ ಹೆಂಗಸರ ಗೇಟು ಕಾದವರು. ಬೆಳಿಗ್ಗೆ ಹರಿದ ಸೀಟಿನ ರೆಕ್ಸಿನ್ ಹೊಲಿಯುವುದು, ಆಟ ಶುರುವಾದರೆ ಟಾರ್ಚು ಹಿಡಿದು ಜಾಗ ತೋರಿಸುವುದು. ಯಾವ ಸೀಟಿನವರು ಕತ್ತು ಉಜ್ಜಿಕೊಂಡು ಹೊರಬರುತ್ತಾರೆ, ಯಾವ ಸಾಲಿನವರು ಜಗಳ ಆಡುತ್ತಾರೆ ಎಲ್ಲ ಅವರಿಗೆ ಬಾಯಿಪಾಠ. ಒಮ್ಮೆ ಮ್ಯಾಟಿನಿ ಹೊತ್ತಲ್ಲಿ ಬಸುರಿ ಹೆಂಗಸೊಬ್ಬಳು ಕತ್ತಲಲ್ಲಿ ಮೆಟ್ಟಿಲು ಕಾಣದೆ ಎಡವಿದಳು. ಹಿಡಿಯಲು ಹೋದ ಮುದ್ದಕ್ಕ ಆಕೆಯ ಕೆಳಗೆ ಬಿದ್ದು ಎಡಗೈ ಮುರಿದುಕೊಂಡರು. ತಾಯಿ, ಮಗುವಿಗೆ ಏನೂ ಆಗಲಿಲ್ಲ.

"ನನ್ನ ಮೂಳೆ ಕೂಡ್ಕಂತು. ಆ ಮೆಟ್ಲು ಮಾತ್ರ ಇನ್ನೂ ಕಣ್ಣಾಗೆ ಐತೆ," ಎನ್ನುತ್ತಾರೆ.

ಚಿತ್ರಮಂದಿರ ಮುಚ್ಚಿದ ಮೇಲೆ ಸೋಫಾ ಹೊಲಿಯುತ್ತಿದ್ದರು. ಮನೆಗಳಲ್ಲಿ ಹೋಮ್ ಥಿಯೇಟರ್ ಕೂರಿಸುವ ಬಾಲರಾಜು ಒಮ್ಮೆ ಹೊಲಿಗೆಗೆಂದು ಕರೆಸಿದಾಗ, ಹಿಂದಿನ ಸಾಲಿಗೆ ಅರ್ಧ ಪರದೆಯೂ ಕಾಣುವುದಿಲ್ಲವೆಂದು ಮುದ್ದಕ್ಕ ನಿಂತಲ್ಲೇ ಹೇಳಿದರು. ಅಂದಿನಿಂದ ಅವರು ಗೆರೆ ಎಳೆಯದೆ ಬಾಲರಾಜು ಕುರ್ಚಿ ಇಳಿಸುವುದಿಲ್ಲ. ನಾಲ್ಕು ವರ್ಷದಲ್ಲಿ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೇರಿ ಎಪ್ಪತ್ತಮೂರು ಕೋಣೆ. ಒಂದೊಂದಕ್ಕೂ ಒಂದೂವರೆ ಗಂಟೆ.

ತಪ್ಪಿಲ್ಲದೆ ಕಲಿತವರಲ್ಲ. ಜವನಗೊಂಡನಹಳ್ಳಿಯ ಮೊದಲ ಕೋಣೆಯಲ್ಲಿ ಕಾಲು ಚಾಚಿ ಒರಗುವ ರಿಕ್ಲೈನರ್ ಕುರ್ಚಿಯ ಮಡಿಸಿದಾಗಿನ ಅಳತೆ ಹಿಡಿದಿದ್ದರು. ಒರಗಿಕೊಂಡಾಗ ಅದು ಐದೂವರೆ ಅಡಿ ಚಾಚಿ, ಹಿಂದಿನವರ ಕಾಲು ಮುಂದಿನವರ ತಲೆಗೆ ತಾಗಿತು. "ತಪ್ಪು ನಂದೇ ಅಂತ ಒಪ್ಕಂಡೆ. ಎರಡು ದಿನ ಕುಂತು ಎಲ್ಲಾ ಬಿಚ್ಚಿ ಸರಿ ಮಾಡಿದೆ."

ಇಂದಿನ ಮನೆ ಪಂಪ್‌ಸೆಟ್ ಅಂಗಡಿಯ ಹನುಮಂತರಾಜು ಅವರದ್ದು. ಸಾಲಿಗೆ ನಾಲ್ಕರಂತೆ ಎಂಟು ಕುರ್ಚಿ ಬೇಕೆಂಬುದು ಅವರ ಹಟ.

"ಆರ್ಡರ್ ಕೊಟ್ಟಾಗೈತೆ ಮುದ್ದಕ್ಕ. ಮನೇಲಿ ಎಂಟು ಜನ ಇದೀವಿ."

"ಆರೇ ಹಿಡಿಯೋದು ಅಣ್ಣ. ಮೂರಡಿ ಕುರ್ಚಿ ನಾಲ್ಕಿಟ್ರೆ ಗೋಡೆಯಿಂದ ಗೋಡೆಗೆ ಆಗೋಯ್ತು. ಓಡಾಡಾಕೆ ಜಾಗ ಎಲ್ಲೈತೆ?"

ಹನುಮಂತರಾಜು ಒಪ್ಪುವುದಿಲ್ಲ. ಮುದ್ದಕ್ಕ ವಾದಕ್ಕೆ ನಿಲ್ಲುವುದಿಲ್ಲ. ಜೊತೆಗೆ ಬಂದಿರುವ ಬಾಲರಾಜು ಇಟ್ಟಿಗೆ ಜೋಡಿಸಿ, ಹಲಗೆ ಹಾಸಿ ಕಟ್ಟೆಯಷ್ಟೇ ಎತ್ತರ ಮಾಡುತ್ತಾರೆ. ಅದರ ಮೇಲೆ, ಕೆಳಗೆ ಸಾಲಿಗೆ ನಾಲ್ಕರಂತೆ ಪ್ಲಾಸ್ಟಿಕ್ ಕುರ್ಚಿಗಳು ಬರುತ್ತವೆ, ಮನೆಮಂದಿ ಕೂರುತ್ತಾರೆ. ಹನುಮಂತರಾಜು ಅವರ ತಾಯಿ, ಎಪ್ಪತ್ತನಾಲ್ಕರ ಓಬಕ್ಕನಿಗೆ ಮಗ ಗುರುತು ಮಾಡಿದ್ದ ಜಾಗವೇ ಸಿಗುತ್ತದೆ: ಹಿಂದಿನ ಸಾಲು, ಗೋಡೆಯ ಪಕ್ಕ. ಕಿಟಕಿಯಿಲ್ಲದ ಕೋಣೆ. ಮುದ್ದಕ್ಕ ಬಾಗಿಲು ಮುಚ್ಚಿ ದೀಪ ಆರಿಸುತ್ತಾರೆ.

"ಕಾಲು ನೀಡ್ಕಂಡು ಕುಂತ್ಕಳ್ರಿ ಎಲ್ರೂ. ಅವ್ವಾ, ನೀವು ಬಚ್ಚಲಿಗೆ ಹೋಗ್ಬೇಕು ಅಂತ ಎದ್ದು ಬರ್ರಿ."

ಓಬಕ್ಕ ಏಳುತ್ತಾರೆ. ಮೊಮ್ಮಗಳ ಮಂಡಿಗೆ ತಾಗಿ, ಸೊಸೆ ಶಾಂತಿಯ ಭುಜ ಹಿಡಿದು, ತಡಕಾಡುತ್ತ ಸಾಲಿನ ತುದಿಗೆ ಬರುತ್ತಾರೆ. ಅಲ್ಲಿ ಬಾಗಿಲ ಕಡೆ ತಿರುಗಿದರೆ ಹಲಗೆ ಮುಗಿದು ಕಾಲು ಗಾಳಿಯಲ್ಲಿ ನಿಲ್ಲುತ್ತದೆ. ಅಷ್ಟರಲ್ಲಿ ಮುದ್ದಕ್ಕನ ಕೈ ಅವರ ರಟ್ಟೆ ಹಿಡಿದಾಗಿದೆ. ದೀಪ ಹತ್ತಿದಾಗ ಓಬಕ್ಕ ಹಲಗೆಯ ಅಂಚಿನಲ್ಲೇ ಕೂತುಬಿಡುತ್ತಾರೆ.

"ನಾನು ಕೆಳಗಿನ ಮನೇಲೇ ಇರ್ತೀನಿ ಬಿಡಪ್ಪ, ನನಗ್ಯಾಕೆ ಸಿನಿಮಾ," ಎನ್ನುತ್ತಾರೆ ಮಗನಿಗೆ.

ಹನುಮಂತರಾಜು ಅಮ್ಮನ ಕೈ ಹಿಡಿದು ಎಬ್ಬಿಸುತ್ತಾರೆ. "ನೀನಿಲ್ದೆ ಯಾರಿಗ್ ಬೇಕವ್ವಾ ಇದು," ಎಂದು ಮುದ್ದಕ್ಕನ ಕಡೆ ತಿರುಗುತ್ತಾರೆ. "ಆರೇ ಇರ್ಲಿ, ಇನ್ನಿಬ್ರು ಮುಂದೆ ಚಾಪೆ ಹಾಸ್ಕಂಡು ಕುಂತ್ಕಳ್ಲಿ. ಕುರ್ಚಿ ಅಂಗಡಿಯೋನಿಗೆ ಫೋನ್ ಮಾಡ್ತೀನಿ."

ಒಂದು ಪಕ್ಕಕ್ಕೆ ಮೂರಡಿ ದಾರಿ ಉಳಿಯುತ್ತದೆ. ಓಬಕ್ಕನ ಕುರ್ಚಿ ಮುಂದಿನ ಸಾಲಿಗೆ, ದಾರಿಯ ಅಂಚಿಗೆ ಇಳಿಯುತ್ತದೆ. ಕಟ್ಟೆಗೆ ಒಂದಡಿ ಒಮ್ಮೆಗೇ ಹತ್ತುವುದು ಬೇಡ, ಅರ್ಧರ್ಧ ಅಡಿಯ ಎರಡು ಮೆಟ್ಟಿಲು, ಅಂಚಿಗೆ ಸಣ್ಣ ದೀಪದ ಪಟ್ಟಿ ಎಂದು ಮುದ್ದಕ್ಕ ಗಾರೆಯವರಿಗೆ ಎರಡೆರಡು ಸಲ ಹೇಳಿ ಕೈ ತೊಳೆಯುತ್ತಾರೆ. ಓಬಕ್ಕ ಮುದ್ದಕ್ಕನನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡು, ಶಾಂತಿ ತಂದ ಉಪ್ಪಿಟ್ಟು ತಿನ್ನಿಸುತ್ತಾರೆ.

ಕೋಣೆ ಸಿದ್ಧವಾದ ದಿನ ಪೂಜೆಗೆ ಎಲ್ಲ ಮನೆಯವರೂ ಮುದ್ದಕ್ಕನನ್ನು ಕರೆಯುತ್ತಾರೆ. ನಡುವಿನ ಒಳ್ಳೆಯ ಕುರ್ಚಿ ತೋರಿಸಿ ಕೂರಿ ಎನ್ನುತ್ತಾರೆ. ಮುದ್ದಕ್ಕ ಹೋಗಿ ಕೂರುವುದು ಹಿಂದಿನ ಸಾಲಿನ ಮೂಲೆಯಲ್ಲಿ.

"ಮಧ್ಯದಾಗೆ ಕುರ್ಚಿ ಯಾರಿಟ್ರೂ ಕಾಣ್ತೈತೆ," ಎನ್ನುತ್ತಾರೆ ಅವರು. "ಮೂಲೇಲಿ ಕುಂತೋರಿಗೂ ಪೂರ್ತಿ ಕಂಡ್ರೆ, ಅದು ನಾನು ಮಾಡಿದ್ದು."