ಗೇಟಮ್ಮ ಗೇಟು ದಾಟಿದ್ದು

ನಮ್ಮಮ್ಮನನ್ನು ಸುತ್ತಲಿನವರೆಲ್ಲ ಗೇಟಮ್ಮ ಎಂದೇ ಕರೆಯುತ್ತಾರೆ. ಇಪ್ಪತ್ತೇಳು ವರ್ಷ ರೈಲ್ವೆ ಗೇಟು ಕಾದವಳು. ದೊಡ್ಡ ಕಾರಿನವರು ಎಷ್ಟು ಹಾರ್ನ್ ಹೊಡೆದರೂ ಕ್ಯಾರೇ ಅನ್ನುತ್ತಿರಲಿಲ್ಲ. ಬದಲಿಯವರು ಬಂದು, ಬೀಗದ ಕೈ ಇಸಕೊಂಡು, "ಗೇಟು ಒಪ್ಪಿಕೊಂಡೆ, ನೀವು ಹೊರಡಬಹುದು" ಎಂದು ಬಾಯಿಬಿಟ್ಟು ಹೇಳುವ ತನಕ ಅಲ್ಲಿಂದ ಕದಲುತ್ತಿರಲಿಲ್ಲ. ಊಟದ ಡಬ್ಬಿ ಒಯ್ಯುತ್ತಿದ್ದ ನಾನು ಆ ಮಾತನ್ನು ನೂರಾರು ಸಲ ಕೇಳಿದ್ದೇನೆ.

ಆ ರೈಲು ಅಳಿವೆಯಿಂದ ಹೊರಟು ಪ್ರಾಣಿ ಪಾರ್ಕಿನವರೆಗೆ ಹೋಗುತ್ತಿತ್ತು. ಪಾರ್ಕಿನಿಂದ ಮರಳುವ ಮಕ್ಕಳು ಕಿಟಕಿಯಿಂದ "ಜಿರಾಫೆ ನೋಡಿದ್ವಿ!" ಎಂದು ಅವಳಿಗೆ ಕೂಗಿ ಹೇಳುತ್ತಿದ್ದರು. ಅಮ್ಮ ಮಾತ್ರ ನೋಡಿರಲಿಲ್ಲ. ರಜೆ ಸಿಕ್ಕ ದಿನ ಬಟ್ಟೆ ರಾಶಿ, ಜೊತೆಗೆ ಕಿತ್ತಾಡುವ ನಾವು ಮೂವರು.

ಲೈನು ಮುಚ್ಚಿತು. ಹಳಿ ಕಿತ್ತು, ಮಣ್ಣು ಬಡಿದು, ಎರಡೂ ಬದಿಗೆ ಗಿಡ ನೆಟ್ಟು ನಡೆಯುವ ದಾರಿ ಮಾಡಿದರು. ಅರವತ್ನಾಲ್ಕನೇ ವಯಸ್ಸಿನಲ್ಲಿ ಅಮ್ಮ ಘೋಷಿಸಿದಳು: "ಹನ್ನೊಂದು ಕಿಲೋಮೀಟರ್. ನಡೆದೇ ಹೋಗಿ ಜಿರಾಫೆ ನೋಡ್ತೀನಿ."

ಅಣ್ಣ ಕಾರು ತರುತ್ತೇನೆಂದ.

"ಯಾಕೆ, ನನ್ನ ಕಾಲೇನು ಬಾಡಿಗೆಗೆ ಕೊಟ್ಟಿದ್ದೀನಾ?"

ಸರಿ, ಬೆಳಿಗ್ಗೆ ಅಳಿವೆಯಿಂದ ಅಮ್ಮ, ನಾನು ಇಬ್ಬರೇ ಹೊರಟೆವು. ನೀರು ಇಳಿದು ದೋಣಿಗಳು ಕೆಸರಿನಲ್ಲಿ ವಾಲಿಕೊಂಡಿದ್ದವು. ಅಮ್ಮ ದಾರಿಯ ಅಂಚಿನಲ್ಲೇ ನಡೆಯುತ್ತ ಆಗಾಗ ಹಿಂತಿರುಗಿ ನೋಡುತ್ತಿದ್ದಳು.

"ರೈಲು ಬರಲ್ಲ ಕಣಮ್ಮ, ಮಧ್ಯದಲ್ಲಿ ನಡಿ."

"ಅಭ್ಯಾಸ ಕಣೇ."

ನನಗೇ ಏದುಸಿರು. ಅವಳಿಗೆ ಏನೂ ಇಲ್ಲ.

ಏಳನೇ ಕಿಲೋಮೀಟರಿನಲ್ಲಿ ಅವಳ ಗೇಟಿದ್ದ ಜಾಗ ಬಂತು. ಅಡ್ಡಕಂಬ ಇರಲಿಲ್ಲ, ಪುಟ್ಟ ಕೋಣೆ ಮಾತ್ರ ಉಳಿದಿತ್ತು. ಅಮ್ಮ ನಿಂತುಬಿಟ್ಟಳು. ಮಂಡಿ ನೋವೇನೋ ಎಂದು ನೀರು ಕೊಟ್ಟೆ. ಕುಡಿಯಲಿಲ್ಲ.

"ಕೊನೇ ದಿನ ಬದಲಿಗೆ ಯಾರೂ ಬರಲೇ ಇಲ್ಲ ಕಣೇ. ಕೊನೇ ರೈಲು ಹೋಯ್ತು, ನಾನೇ ಬೀಗ ಹಾಕ್ಕೊಂಡು ಬಂದ್ಬಿಟ್ಟೆ. ಹಾಗೆ ಬರಬಾರದಿತ್ತು." ನಗಲು ನೋಡಿದಳು, ಕಣ್ಣು ತುಂಬಿತ್ತು. "ಇದನ್ನ ದಾಟೋಕೆ ಮನಸ್ಸು ಬರ್ತಿಲ್ಲ, ನಡಿ, ವಾಪಸ್ ಹೋಗೋಣ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಇನ್ನು ನಾಲ್ಕೇ ಕಿಲೋಮೀಟರ್ ಇರುವಾಗ ಇದೆಂಥ ಹಟ! ಬೈಯಲು ಬಾಯಿ ತೆರೆದವಳಿಗೆ ಊಟದ ಡಬ್ಬಿ ಒಯ್ಯುತ್ತಿದ್ದ ದಿನಗಳು ನೆನಪಾದವು. ನೆಟ್ಟಗೆ ನಿಂತು ಕೈ ಚಾಚಿದೆ.

"ಗೇಟು ಒಪ್ಪಿಕೊಂಡೆ. ನೀವು ಹೊರಡಬಹುದು."

ತಮಾಷೆಯೋ ಎಂದು ನನ್ನ ಮುಖ ನೋಡಿದಳು. ಅಲ್ಲ ಎಂದು ಗೊತ್ತಾಯಿತು. ಸೊಂಟದಿಂದ ಮನೆಯ ಬೀಗದ ಕೈ ತೆಗೆದು ನನ್ನ ಅಂಗೈಯಲ್ಲಿಟ್ಟಳು. ಆಮೇಲೆ ದಾರಿಯ ನಟ್ಟನಡುವೆ ನಡೆದುಕೊಂಡು ಹೋದಳು. ಒಮ್ಮೆಯೂ ಹಿಂತಿರುಗಲಿಲ್ಲ.

ತಿರುವು ದಾಟಲಿ, ಹಿಂದೆಯೇ ಓಡೋಣ ಎಂದುಕೊಂಡಿದ್ದೆ. ಕಾಲು ಏಳಲಿಲ್ಲ. ಒಪ್ಪಿಕೊಂಡೆ ಎಂದ ಮೇಲೆ ಬಿಟ್ಟು ಹೋಗುವುದು ಹೇಗೆ? ಸೈಕಲ್ಲಿನವರು ಇಬ್ಬರು ಬಂದರು. ಕೈ ಬೀಸಿ ಹೋಗಿ ಎಂದೆ. ಇದು ನಮ್ಮಮ್ಮನ ಗೇಟು ಎಂದು ಅವರನ್ನು ನಿಲ್ಲಿಸಿ ಹೇಳಬೇಕೆನಿಸುವಷ್ಟು ಹೆಮ್ಮೆಯಾಗುತ್ತಿತ್ತು.

ಒಂದೂಕಾಲು ಗಂಟೆಯ ಮೇಲೆ ಫೋನ್ ಬಂತು.

"ಜಿರಾಫೆ ಮುಂದೆ ನಿಂತಿದ್ದೀನಿ! ಕತ್ತು ನೋಡಬೇಕು ನೀನು, ಥೇಟ್ ಎತ್ತಿದ ಗೇಟು!"

ನಾನಿನ್ನೂ ಗೇಟಿನಲ್ಲೇ ಇದ್ದೇನೆ ಎಂದೆ. ಅವಳು ಹೇಳಿದಳು:

"ಸಾಕು, ಇನ್ನು ಗೇಟು ಬಿಟ್ಟು ಬಾರೇ. ಯಾವ ರೈಲೂ ಇಲ್ಲ."